ಹುಳುವಿನ ಸಾಕ್ಷಿ

ನಮ್ಮ ಪ್ರಯೋಗಾಲಯದಲ್ಲಿ ಬೆಳಗ್ಗೆ ಎದುರಾದವರನ್ನು ಯಾರೂ ‘ಹೇಗಿದ್ದೀರಿ’ ಎಂದು ಕೇಳುವುದಿಲ್ಲ; ‘ಹುಳು ಮಾತಾಡಿತಾ?’ ಎಂದು ಕೇಳುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಕೆಲವು ದಿನ ನಮ್ಮಿಂದ ಸ್ವಲ್ಪ ದೂರ ಕೂತು ಊಟ ಮಾಡುತ್ತಾರೆ. ಆಮೇಲೆ ಅವರೂ ಅದನ್ನೇ ಕೇಳತೊಡಗುತ್ತಾರೆ.

ವಿಷಯ ಅಷ್ಟೇನೂ ನಿಗೂಢವಲ್ಲ. ನಾವು ಅಳೆಯುವುದು ಮೈಕ್ರೋ ಆರ್‌ಎನ್‌ಎ ಎಂಬ ಅತಿ ಸಣ್ಣ ಎಳೆಗಳನ್ನು. ಕಣ್ಣಿಗೆ ಕಾಣುವಂಥದ್ದಲ್ಲ, ಕೈಗೆ ಸಿಗುವಂಥದ್ದಲ್ಲ. ಕೊಳವೆಯ ನೀರಿನಲ್ಲಿ ಅದು ಇದೆಯೋ ಇಲ್ಲವೋ ಎಂದು ಯಂತ್ರ ಹೇಳಬೇಕು. ಯಂತ್ರ ‘ಇಲ್ಲ’ ಎಂದರೆ ನಿಜವಾಗಿಯೂ ಇಲ್ಲವೋ, ನಮ್ಮ ಕೈಗುಣದಿಂದ ಹಾಳಾಯಿತೋ? ಅದಕ್ಕೊಂದು ಸಾಕ್ಷಿ ಬೇಕು. ಹಾಗಾಗಿ ಮಣ್ಣಿನಲ್ಲಿ ಹೊರಳಾಡುವ ಒಂದು ಪುಟ್ಟ ಹುಳುವಿನ ಮೈಕ್ರೋ ಆರ್‌ಎನ್‌ಎಯನ್ನು ಪ್ರತಿ ಕೊಳವೆಗೂ ನಾವೇ ಒಂದು ತೊಟ್ಟು ಬೆರೆಸುತ್ತೇವೆ. ಮನುಷ್ಯರ ಮೈಯಲ್ಲಿ ಅದು ಇರುವ ಪ್ರಶ್ನೆಯೇ ಇಲ್ಲ. ಕೊನೆಯಲ್ಲಿ ಯಂತ್ರ ಆ ಹುಳುವಿನದನ್ನು ತೋರಿಸಿದರೆ ಕೆಲಸ ಸರಿಯಾಗಿದೆ, ಮಿಕ್ಕವರ ಮಾತನ್ನೂ ನಂಬಬಹುದು. ಹುಳುವೂ ಸುಮ್ಮನಿದ್ದರೆ ಕೊಳವೆಯೊಳಗೆ ಸೇರಿಕೊಂಡ ಯಾವುದೋ ಔಷಧಿ ಎಲ್ಲರ ಬಾಯಿಯನ್ನೂ ಹೊಲಿದಿದೆ ಎಂದರ್ಥ. ಎಲ್ಲ ಚೆಲ್ಲಿ ಮೊದಲಿಂದ ಶುರು. ಇಷ್ಟು ದೊಡ್ಡ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಇಷ್ಟೆಲ್ಲ ಓದಿದವರ ನಡುವೆ, ನಂಬಿಕೆಗೆ ಅರ್ಹವಾದ ಪ್ರಾಣಿ ಅದೊಂದೇ.

ನೀರು ಎಂದೆನಲ್ಲ, ಅದು ತೊಳೆದ ನೀರು. ತೀರಿಕೊಂಡವರೊಬ್ಬರ ಲಿವರ್ ಮತ್ತೊಬ್ಬರಿಗೆ ಹೊಂದುತ್ತದೆ ಎಂದಾದಾಗ ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತರುತ್ತಾರೆ. ಹೊಸ ಮೈಗೆ ಹೊಲಿಯುವ ಮುಂಚೆ ಒಳಗೆಲ್ಲ ಒಮ್ಮೆ ತೊಳೆಯುತ್ತಾರೆ. ಆ ನೀರು ಹಿಂದೆಲ್ಲ ಬಚ್ಚಲಿಗೆ ಹೋಗುತ್ತಿತ್ತು, ಈಗ ನಮ್ಮಲ್ಲಿಗೆ ಬರುತ್ತದೆ. ‘ಇಷ್ಟು ಓದಿಸಿದ್ದಕ್ಕೆ ಕೊನೆಗೂ ಪಾತ್ರೆ ತೊಳೆದ ನೀರು ಕಾಯೋ ಕೆಲಸ ಸಿಕ್ತು ನಿನಗೆ’ ಎಂದು ಅಮ್ಮ ಬದುಕಿದ್ದಾಗ ಹೇಳುತ್ತಿದ್ದಳು. ತಪ್ಪೇನೂ ಹೇಳಿರಲಿಲ್ಲ.

ಮಂಜುಗಡ್ಡೆಯಲ್ಲಿ ಕಾಯುವಾಗ ಲಿವರ್ ಹೇಗೋ ತಡೆದುಕೊಳ್ಳುತ್ತದೆ. ತಡೆಯದವು ಅದರೊಳಗೆ ಬೇರಿನಂತೆ ಹರಡಿಕೊಂಡಿರುವ ಪಿತ್ತನಾಳಗಳು. ಅವಕ್ಕಾದ ಪೆಟ್ಟು ಅವತ್ತೇ ಗೊತ್ತಾಗುವುದಿಲ್ಲ. ರೋಗಿ ಎದ್ದು ಕೂರುತ್ತಾನೆ, ನಡೆಯುತ್ತಾನೆ, ಕೈಮುಗಿದು ಮನೆಗೆ ಹೋಗುತ್ತಾನೆ. ತಿಂಗಳುಗಳಾದ ಮೇಲೆ ಕೆಲವರಲ್ಲಿ ಆ ನಾಳಗಳು ಒಂದೊಂದಾಗಿ ಕಿರಿದಾಗಿ, ಪಿತ್ತ ಒಳಗೇ ನಿಂತು, ಹೊಸ ಲಿವರನ್ನೂ ಕೆಡಿಸುತ್ತದೆ. ಯಾರಲ್ಲಿ ಹಾಗಾಗುತ್ತದೆಂದು ತೊಳೆದ ನೀರು ಮೊದಲೇ ಹೇಳಬಲ್ಲದೇ ಎಂಬುದು ನಮ್ಮ ಅಧ್ಯಯನ. ಆ ನೀರಿನಲ್ಲಿ ಲಿವರ್ ಕೋಶಗಳ ಮೈಕ್ರೋ ಆರ್‌ಎನ್‌ಎ ಯಾವಾಗಲೂ ಗಲಾಟೆ ಮಾಡುತ್ತಿರುತ್ತದೆ. ನಾವು ಕಿವಿಗೊಡುವುದು ನಾಳದ ಕೋಶಗಳದಕ್ಕೆ. ಚೆನ್ನಾಗಿರುವ ನಾಳದ್ದು ತಕ್ಕಮಟ್ಟಿಗೆ ಸಿಗುತ್ತದೆ. ಸೊರಗಿದ ನಾಳದ್ದು ಸಿಗುವುದೇ ಇಲ್ಲ ಎನ್ನುವಷ್ಟು ಕಡಿಮೆ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ನಮ್ಮ ಮಹಡಿಗೆ ಹತ್ತಿ ಬರುವುದಿಲ್ಲ. ಇಲ್ಲಿ ಸುಮ್ಮನಿದ್ದವರು ಕೆಟ್ಟರು.

ಇದನ್ನೆಲ್ಲ ನಾನು ಒಮ್ಮೆ ನನ್ನ ಅಕ್ಕನಿಗೆ ವಿವರಿಸಿದ್ದೆ. ಅಕ್ಕ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಅವಳ ಕಾರಿಗೆ ಎರಡು ಬ್ರೇಕ್. ಒಂದು ಕಲಿಯುವವರ ಕಾಲಡಿ, ಇನ್ನೊಂದು ಅವಳ ಕಾಲಡಿ.

‘ಅದೇನು ಮಾಡುತ್ತೆ ನಿನ್ನ ಮೈಕ್ರೋ?’ ಎಂದಳು.

‘ಅದೇನೂ ಮಾಡಲ್ಲ. ಮಾಡೋರನ್ನ ನಿಲ್ಲಿಸುತ್ತೆ. ಕೋಶದೊಳಗೆ ಇದು ಮಾಡು, ಅದು ಮಾಡು ಅಂತ ಚೀಟಿಗಳು ಹೊರಟಿರುತ್ತೆ. ಇದು ಹೋಗಿ ಆ ಚೀಟಿ ಮೇಲೆ ಕೂತುಬಿಡುತ್ತೆ.’

‘ಅಂದ್ರೆ ಪಕ್ಕದ ಸೀಟಿನ ಬ್ರೇಕು.’

‘ಹೂಂ. ಒಂಥರಾ ಹಾಗೇ.’

‘ಹಾಗಾದ್ರೆ ನೀನು ಇಷ್ಟು ವರ್ಷ ಓದಿದ್ದು ನನ್ನ ಬಗ್ಗೆನೇ ಅನ್ನು. ಮನೇಲೇ ಕೇಳಿದ್ರೆ ಹೇಳ್ತಿದ್ದೆ ಕಣೇ.’

ಅಕ್ಕನ ಸ್ವಂತ ಪಿತ್ತನಾಳಗಳನ್ನು ಅವಳ ಮೈಯೇ ಶತ್ರುವೆಂದು ತಿಳಿದು ವರ್ಷಗಳಿಂದ ಕೊರೆಯುತ್ತಿತ್ತು. ಕಾರಣ ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಒಂದು ಕಪಾಟಿನಷ್ಟು ಲೇಖನಗಳಿವೆ. ಯಾವ ಮೈಕ್ರೋ ಆರ್‌ಎನ್‌ಎ ಹೆಚ್ಚಿತು, ಯಾವುದು ಇಳಿಯಿತು ಎಂದು ಎಲ್ಲರಿಗೂ ಗೊತ್ತು, ಏಕೆ ಎಂದು ಮಾತ್ರ ಕೇಳಬಾರದು. ಅಕ್ಕನಿಗೆ ಗೊತ್ತಿದ್ದದ್ದು ನವೆ. ಅಂಗೈ, ಅಂಗಾಲು, ಮಲಗಿದರೆ ಮೈಯೆಲ್ಲ. ಗೇರ್ ಹಿಡಿದ ಶಿಷ್ಯರಿಗೆ ಪಾಠ ಹೇಳುತ್ತಲೇ ಸೀಟಿನ ಅಂಚಿಗೆ ಅಂಗೈ ಉಜ್ಜುತ್ತಿದ್ದಳು. ಆ ಅಂಚಿನ ಹೊದಿಕೆ ಸವೆದು ಸ್ಪಂಜು ಕಾಣುತ್ತಿತ್ತು. ಕಣ್ಣು ಹಳದಿಯಾದ ಮೇಲೆ ಕಪ್ಪು ಕನ್ನಡಕ ಬಂತು. ‘ಈಗ ಟೀಚರ್ ಇನ್ನೂ ಜೋರಾಗಿದ್ದಾರೆ’ ಎಂದು ಶಿಷ್ಯರು ಹೆದರಿಕೊಂಡರು. ಕಾಯಿಲೆಯಿಂದ ಆದ ಲಾಭ ಅದೊಂದೇ.

ಕೊನೆಗೆ ಅಕ್ಕನಿಗೆ ಹೊಂದುವ ಒಂದು ಲಿವರ್ ಬಂತು.

ತೊಳೆದ ನೀರನ್ನು ಹಿಡಿದು ತರಲು ಕೆಳಗೆ ಹೋದದ್ದು ನಮ್ಮ ಥಂಡಿಯಣ್ಣ. ಎಲ್ಲ ಕೊಳವೆಗಳನ್ನೂ ಕಾಪಾಡುವ ಮಹಾಶೀತಲ ಪೆಟ್ಟಿಗೆಗಳ ಉಸ್ತುವಾರಿ ಅವರದು. ಸದಾ ದಪ್ಪ ಕೈಗವಸು, ಸದಾ ಸೋರುವ ಮೂಗು. ಅಕ್ಕ ಆಪರೇಷನ್ ಮೇಜಿನ ಮೇಲಿರುವಾಗ ನಾನು ಆ ಕೆಲಸಕ್ಕೆ ಹೋಗುವ ಹಾಗಿಲ್ಲ, ಹೋಗಲೂ ಇಲ್ಲ. ನಮ್ಮಲ್ಲಿ ಕೊಳವೆಗೆ ಹೆಸರಿಲ್ಲ. ಅಡ್ಡಾದಿಡ್ಡಿ ಸಂಖ್ಯೆಗಳಿವೆ, ಯಾರದು ಎಂದು ಅಳೆಯುವವರಿಗೆ ತಿಳಿಯಬಾರದು ಎಂದು. ಆದರೆ ಮನುಷ್ಯ ಸೋಮಾರಿ. ಸಂಖ್ಯೆ ಅಡ್ಡಾದಿಡ್ಡಿಯಾದರೂ ಕೊಳವೆಗಳನ್ನು ಡಬ್ಬಿಯಲ್ಲಿಡುವುದು ಬಂದ ಸಾಲಿನಲ್ಲೇ. ಮೊದಲು ಬಂದದ್ದು ಮೊದಲ ಗುಂಡಿಯಲ್ಲಿ, ಕೊನೆಗೆ ಬಂದದ್ದು ಕೊನೆಯ ಗುಂಡಿಯಲ್ಲಿ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದೇವೆ.

ಅಕ್ಕ ಚೇತರಿಸಿಕೊಂಡ ವಾರ್ಡಿನಲ್ಲಿ ಪಕ್ಕದ ಕೋಣೆಯಲ್ಲಿ ಒಬ್ಬ ಹಿರಿಯರಿದ್ದರು. ಬ್ಯಾಂಡ್ ತಂಡದಲ್ಲಿ ತುತ್ತೂರಿ ಊದುತ್ತಿದ್ದವರು. ಅಕ್ಕನದಕ್ಕಿಂತ ಹಿಂದಿನ ಲಿವರ್ ಸಿಕ್ಕಿದ್ದು ಅವರಿಗೆ. ನಾವು ತುತ್ತೂರಿ ಮಾಮ ಎನ್ನುತ್ತಿದ್ದೆವು. ಉಸಿರಿನ ವ್ಯಾಯಾಮಕ್ಕೆಂದು ಕೊಡುವ ಪ್ಲಾಸ್ಟಿಕ್ ಆಟಿಕೆಯಲ್ಲಿ ಅಕ್ಕ ಒಂದು ಚೆಂಡನ್ನು ಏಳಿಸಲು ಒದ್ದಾಡುತ್ತಿದ್ದಾಗ ಅವರು ಮೂರನ್ನೂ ಏಳಿಸಿ ಕುಣಿಸುತ್ತಿದ್ದರು.

‘ಅದು ಊದೋದಲ್ಲ ಮಾಮ, ಎಳೆಯೋದು. ಹೇಗೆ ಬರುತ್ತೆ ನಿಮಗೆ?’ ಎಂದು ಅಕ್ಕ ಕೇಳಿದಳು.

‘ಎಳೆಯೋದು ಗೊತ್ತಿಲ್ದೆ ಊದೋಕಾಗುತ್ತೇನಮ್ಮ? ಜೊತೆಗೆ ನಾನು ಇಲ್ಲಿ ನಿನಗಿಂತ ಒಂದು ವಾರ ಸೀನಿಯರ್ರು. ಮರ್ಯಾದೆ ಕೊಡು.’

ಇಬ್ಬರೂ ಸಲೈನ್ ಕಂಬಗಳನ್ನು ತಳ್ಳಿಕೊಂಡು ಕಾರಿಡಾರಿನಲ್ಲಿ ನಡೆಯುತ್ತಿದ್ದರು. ತಿರುವಿನಲ್ಲಿ ಅಕ್ಕ ‘ಇಂಡಿಕೇಟರ್ ಹಾಕಿ ಮಾಮ’ ಎನ್ನುತ್ತಿದ್ದಳು. ನನ್ನನ್ನು ಪರಿಚಯಿಸಿದ್ದು ಹೀಗೆ: ‘ಇವಳು ನನ್ನ ತಂಗಿ. ನಮ್ಮನ್ನ ತೊಳೆದ ನೀರು ಇದೆಯಲ್ಲ, ಅದನ್ನ ಕಾಯ್ತಾಳೆ.’ ಮಾಮ ತುಂಬ ಗೌರವದಿಂದ ತಲೆಯಾಡಿಸಿದರು. ಜೀವನದಲ್ಲಿ ಎಂಥೆಂಥ ಉದ್ಯೋಗಗಳನ್ನು ಕಂಡವರು.

ಅಕ್ಕ ಮನೆಗೆ ಬಂದಳು. ಕಣ್ಣಿನ ಬಿಳಿ ಬಿಳಿಯಾಯಿತು. ಕಪ್ಪು ಕನ್ನಡಕವನ್ನು ಭಾವ ಹಾಕಿಕೊಂಡು ಓಡಾಡಿದರು. ನವೆ ಹೋಗಿತ್ತು. ‘ನಿದ್ದೆ ಅಂದ್ರೆ ಇದಾ? ಇದನ್ನ ನೀವೆಲ್ಲ ದಿನಾ ಮಾಡ್ತಿದ್ರಾ, ನನಗೆ ಹೇಳ್ದೆ?’ ಎಂದಳು.

ಅಷ್ಟರಲ್ಲಿ ಡಬ್ಬಿ ತುಂಬಿತ್ತು. ಅಕ್ಕನದಾದ ಮೇಲೆ ಬೇರೆ ಲಿವರ್ ಬಂದಿರಲಿಲ್ಲ. ಯಂತ್ರದೊಳಗೆ ಇಡುವ ತಟ್ಟೆಯೊಂದಕ್ಕೆ ಸಾಕಾಗುವಷ್ಟು ಕೊಳವೆಗಳು ಕೂಡುವ ತನಕ ನಾವು ಕಾಯುತ್ತೇವೆ. ಕೂಡಿದ ಮೇಲೆ ಒಟ್ಟಿಗೆ ಅಳೆಯುತ್ತೇವೆ. ಅಳೆಯುವ ಸರದಿ ನನ್ನದು. ರಜೆ ಹಾಕಬಹುದಿತ್ತು. ಹಾಕಿದರೆ ಕಾರಣ ಹೇಳಬೇಕು. ಹೇಳಿದರೆ, ಗೊತ್ತಿರಬಾರದ್ದು ಗೊತ್ತಿದೆ ಎಂದು ಒಪ್ಪಿದಂತೆ. ಕೈಗವಸು ಹಾಕಿಕೊಂಡೆ.

ಯಂತ್ರ ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು. ಪರದೆಯ ಮೇಲೆ ಗೆರೆಗಳು ಒಂದೊಂದಾಗಿ ಏಳುತ್ತವೆ. ಬೇಗ ಎದ್ದದ್ದು ಹೆಚ್ಚಿದೆ, ತಡವಾಗಿ ಎದ್ದದ್ದು ಕಡಿಮೆ ಇದೆ. ಕೊನೆಯ ಗುಂಡಿಯ ಕೊಳವೆಯಲ್ಲಿ ಲಿವರ್ ಕೋಶದ ಗೆರೆ ಮೊದಲೇ ಎದ್ದು ಗೋಡೆಯಂತೆ ನಿಂತಿತು. ಹುಳುವಿನ ಗೆರೆಯೂ ಎದ್ದಿತು, ಎಲ್ಲಿ ಏಳಬೇಕೋ ಅಲ್ಲೇ. ನಾಳದ ಗೆರೆ ಏಳಲಿಲ್ಲ. ಕಾದೆ. ಕೊಟ್ಟಕೊನೆಗೆ, ಯಾರೋ ನಿದ್ದೆಯಲ್ಲಿ ತಲೆ ಎತ್ತಿ ಮತ್ತೆ ಮಲಗಿದ ಹಾಗೆ, ಒಂದಿಷ್ಟು ಮಿಸುಕಿತು.

ಹುಳು ಮಾತಾಡದೆ ಇದ್ದಿದ್ದರೆ ಆಗುತ್ತಿತ್ತು ಎಂದುಕೊಂಡೆ. ಪ್ರಯೋಗ ಕೆಡಲಿ ಎಂದು ಪ್ರಾರ್ಥಿಸಿದ ಮೊದಲ ಸಂಶೋಧಕಿ ನಾನೇ ಇರಬೇಕು. ಇನ್ನೊಮ್ಮೆ ಮಾಡಿದೆ. ಹುಳು ಇನ್ನೊಮ್ಮೆ ಸ್ಪಷ್ಟವಾಗಿ ಮಾತಾಡಿತು.

ಏನೂ ಅನಿಸಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ತುಟಿ ಇನ್ಯಾರದೋ ಎನಿಸುತ್ತದಲ್ಲ, ಮುಟ್ಟಿದರೆ ಬೆರಳಿಗೆ ತಿಳಿಯುತ್ತದೆ, ತುಟಿಗೆ ತಿಳಿಯುವುದಿಲ್ಲ, ಹಾಗೆ. ಮೇಜು ಒರೆಸಿದೆ. ತಟ್ಟೆಯನ್ನು ಕಸದ ಹಳದಿ ಚೀಲಕ್ಕೆ ಹಾಕಿದೆ. ಊಟದ ಡಬ್ಬಿ ತೆರೆದು ಅಷ್ಟನ್ನೂ ತಿಂದೆ. ಎದುರಾದ ಥಂಡಿಯಣ್ಣ ‘ಹುಳು ಮಾತಾಡಿತಾ?’ ಎಂದರು.

‘ಮಾತಾಡಿತು’ ಎಂದೆ.

‘ಒಳ್ಳೇದು’ ಎಂದು ಮೂಗೊರೆಸಿಕೊಂಡು ಹೋದರು.

ಮಾರನೆಯ ದಿನ ನಮ್ಮ ಮುಖ್ಯಸ್ಥರ ಕೋಣೆಗೆ ಹೋದೆ. ಅವರನ್ನು ಎಲ್ಲರೂ ದೊಡ್ಡವರು ಎನ್ನುವುದು. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾರೆ. ಯಾರದೆಂದು ಹೇಳದೆ, ಒಂದು ಕೊಳವೆ ತೀರಾ ಸುಮ್ಮನಿದೆ ಸರ್, ಸರ್ಜನ್ ಅವರಿಗೆ ಒಂದು ಮಾತು ಹಾಕಿದರೆ ಬೇಗ ಸ್ಕ್ಯಾನ್ ಮಾಡಿಸಬಹುದಲ್ಲ, ಎಂದೆ.

‘ಇದು ಪರೀಕ್ಷೆ ಅಲ್ಲಮ್ಮ, ಪರೀಕ್ಷೆಗೇ ನಡೀತಿರೋ ಪರೀಕ್ಷೆ. ಅದಿನ್ನೂ ಪಾಸಾಗಿಲ್ಲ. ಪಾಸಾಗದವನ ಮಾತು ಕಟ್ಕೊಂಡು ಯಾರದೋ ಹೊಟ್ಟೆಗೆ ಕೈ ಹಾಕಿಸ್ತೀಯಾ?’

‘ಬರೀ ಸ್ಕ್ಯಾನ್ ಸರ್.’

‘ಬರೀ ಸ್ಕ್ಯಾನ್ ಅಂತ ಇರಲ್ಲ. ಅದರಲ್ಲಿ ಏನೋ ನೆರಳು ಕಾಣುತ್ತೆ. ಅವರು ಟ್ಯೂಬ್ ಇಳಿಸ್ತಾರೆ. ಆಮೇಲೆ ನಾಳ ಕೆಡೋದೇ ಇಲ್ಲ. ಆಗ ನಮ್ಮ ಭವಿಷ್ಯ ನಿಜ ಆಯ್ತು ಅಂತ ಬರ್ಕೋಬೇಕಾ, ಸುಳ್ಳಾಯ್ತು ಅಂತ ಬರ್ಕೋಬೇಕಾ? ಒಬ್ಬರನ್ನ ಉಳಿಸೋಕೆ ಹೋಗಿ ಮುಂದೆ ಬರೋ ನೂರು ಜನರ ದಾರಿ ಕೆಡಿಸಿದ ಹಾಗೆ.’ ಬಿಸಿನೀರಿನ ಲೋಟದ ಮೇಲಿಂದ ನನ್ನನ್ನು ನೋಡಿದರು. ‘ಯಾರ್ದು ಅಂತ ನಾನು ಕೇಳಲ್ಲ.’

‘ನನಗೂ ಗೊತ್ತಿಲ್ಲ ಸರ್.’

‘ಒಳ್ಳೇದು.’

ಅವರು ಹೇಳಿದ್ದು ಸರಿ. ಹೊಸಬರಿಗೆ ನಾನೇ ಇದನ್ನು ಹೇಳಿಕೊಡುವುದು, ಇದೇ ಧಾಟಿಯಲ್ಲಿ, ‘ನೂರು ಜನರ ದಾರಿ’ ಎಂಬಲ್ಲಿ ಹೀಗೇ ಸ್ವಲ್ಪ ನಿಲ್ಲಿಸಿ.

ಅವತ್ತಿನಿಂದ ನಾನು ದಿನಾ ಸಂಜೆ ಅಕ್ಕನ ಮನೆಗೆ ಹೋಗತೊಡಗಿದೆ. ಕಿಟಕಿಯ ಬೆಳಕಿಗೆ ಅವಳು ಮುಖ ತಿರುಗಿಸುವ ತನಕ ಏನಾದರೂ ನೆಪ ಹೇಳಿ ಕೂತಿರುತ್ತಿದ್ದೆ. ಕಣ್ಣು ಬಿಳಿ. ಸರಿ, ಇವತ್ತಿಗೆ ಬಿಳಿ. ಮನೆಗೆ ಬರುತ್ತಿದ್ದೆ. ಹೆದರಿಕೆಯೇ ಎಂದು ಕೇಳಿದರೆ ಅಲ್ಲ. ಗ್ಯಾಸ್ ಆರಿಸಿದೆಯಾ ಎಂದು ನೋಡಿ ಬರುತ್ತೇವಲ್ಲ, ಅಂಥದ್ದು.

ಒಂದು ಸಂಜೆ ಅಕ್ಕ ಕಾರಿನ ಕೀ ತೆಗೆದುಕೊಂಡಳು. ‘ನಡಿ, ನಿನಗೆ ಡ್ರೈವಿಂಗ್ ಕಲಿಸ್ತೀನಿ. ಊರಿಗೆಲ್ಲ ಕಲಿಸಿದೆ, ದೀಪದ ಬುಡ ಕತ್ತಲೆಯಾಗೇ ಉಳೀತು.’

‘ಡಾಕ್ಟರು ನಿನಗೆ ಇನ್ನೂ ಗಾಡಿ ಓಡಿಸಬೇಡಿ ಅಂದಿದ್ದಾರೆ.’

‘ನಾನೆಲ್ಲಿ ಓಡಿಸ್ತೀನಿ? ನಾನು ಬರೀ ನಿಲ್ಲಿಸೋಳು.’

ಹೊಲಿಗೆಯ ಗಾಯಕ್ಕೆ ಸೀಟ್ ಬೆಲ್ಟ್ ಒತ್ತದಿರಲೆಂದು ನಡುವೆ ಪುಟ್ಟ ದಿಂಬು ಇಟ್ಟುಕೊಂಡಳು. ಗೋದಾಮುಗಳ ಹಿಂದಿನ ಅಗಲ ರಸ್ತೆ. ಸಂಜೆ ಅಲ್ಲಿ ಲಾರಿಗಳಿರುವುದಿಲ್ಲ. ನಾನು ಮೂರು ಸಲ ಗಾಡಿ ಆಫ್ ಮಾಡಿದೆ.

‘ಕ್ಲಚ್ಚನ್ನ ಯಾಕೆ ಹಾಗೆ ಒದೀತೀಯ, ಅದೇನು ಅಪರಾಧ ಮಾಡಿದೆ? ನಿಧಾನಕ್ಕೆ ಬಿಡು. ಹಾಂ. ಈಗ ಹೇಳು.’

‘ಏನು ಹೇಳಲಿ?’

‘ನನ್ನ ಕಣ್ಣೊಳಗೆ ಯಾಕೆ ದಿನಾ ಇಣುಕ್ತೀಯ, ಕಳೆದುಹೋದ ಸೂಜಿ ಹುಡುಕೋ ಹಾಗೆ?’

‘ಏನಿಲ್ಲ.’

‘ರಸ್ತೆ ನೋಡು, ನನ್ನನ್ನಲ್ಲ. ಸ್ಟಿಯರಿಂಗ್ ಹಿಡಿದೋರು ಸುಳ್ಳು ಹೇಳಿದ್ರೆ ಗಾಡಿ ಎಡಕ್ಕೆ ಎಳೆಯುತ್ತೆ. ನೋಡು, ಎಳೀತಿದೆ.’

ನಿಜವಾಗಿಯೂ ಎಳೆಯುತ್ತಿತ್ತು. ಹೇಳಿದೆ. ಎಲ್ಲವನ್ನೂ, ರಸ್ತೆ ನೋಡುತ್ತಲೇ, ಯಾರದೋ ವರದಿ ಓದುವ ದನಿಯಲ್ಲಿ. ಡಬ್ಬಿಯ ಕೊನೆಯ ಗುಂಡಿ, ಏಳದ ಗೆರೆ, ದೊಡ್ಡವರ ಮಾತು. ಹೇಳಿ ಮುಗಿಯುವಷ್ಟರಲ್ಲಿ ಕಾರು ನಿಂತಿತ್ತು. ನಾನು ನಿಲ್ಲಿಸಿರಲಿಲ್ಲ.

‘ಹುಳು ಮಾತಾಡಿತ್ತಾ?’ ಎಂದು ಅಕ್ಕ ಕೇಳಿದಳು.

‘ಮಾತಾಡಿತ್ತು. ಎರಡು ಸಲಾನೂ.’

‘ಅದಕ್ಕೇನು, ಮಾತಾಡುತ್ತೆ. ಅದಕ್ಕೆ ಲಿವರ್ರೇ ಇಲ್ಲ.’ ದಿಂಬನ್ನು ಸರಿಮಾಡಿಕೊಂಡಳು. ಎದುರು ಗೋಡೆಯ ಮೇಲೆ ಒಂದು ಬೆಕ್ಕು ನಡೆದು ಹೋಯಿತು. ಅದು ಗೋಡೆಯ ತುದಿ ಮುಟ್ಟುವ ತನಕ ಇಬ್ಬರೂ ನೋಡಿದೆವು. ‘ಮೊದಲೇ ಗೊತ್ತಾದ್ರೆ ಏನಾದ್ರೂ ಮಾಡಬಹುದಾ?’

‘ಬಾಯಿಂದ ಟ್ಯೂಬ್ ಇಳಿಸಿ, ಕಿರಿದಾಗಿರೋ ಕಡೆ ಹಿಗ್ಗಿಸಬಹುದು. ತಡ ಆದ್ರೆ…’

‘ತಡ ಆದ್ರೆ ಮತ್ತೆ ಕ್ಯೂ.’

‘ಹೂಂ.’

‘ಸ್ಕ್ಯಾನ್ ಯಾಕೆ ಬರ್ಕೊಡಲ್ಲ ಅವರು?’

‘ಲಕ್ಷಣ ಇಲ್ವಲ್ಲ. ರಕ್ತ ಸರಿಯಿದೆ, ಕಣ್ಣು ಸರಿಯಿದೆ. ಜ್ವರ, ಕಾಮಾಲೆ, ನವೆ ಏನಾದ್ರೂ ಇದ್ರೆ ಮಾಡಿಸ್ತಾರೆ.’

‘ನವೆ ಅಳೆಯೋ ಯಂತ್ರ ಇದೆಯಾ ನಿಮ್ಮ ಆಸ್ಪತ್ರೇಲಿ?’

‘ಇಲ್ಲ.’

‘ಹಾಗಾದ್ರೆ ಗಾಡಿ ತಿರುಗಿಸು’ ಎಂದಳು. ‘ಇಂಡಿಕೇಟರ್ ಹಾಕು ಮೊದಲು.’

ಸರ್ಜನ್ ಎದುರು ಅಕ್ಕ ಕೂತ ರೀತಿಯನ್ನು ನಾನು ಪಕ್ಕದ ಕುರ್ಚಿಯಿಂದ ನೋಡಿದೆ. ನವೆಯ ವಿಷಯದಲ್ಲಿ ಅವಳಿಗೆ ಅಭಿನಯ ಬೇಕಿರಲಿಲ್ಲ, ನೆನಪು ಸಾಕಾಗಿತ್ತು. ಅಂಗೈಯಲ್ಲಿ ಶುರುವಾಗುತ್ತೆ ಡಾಕ್ಟ್ರೇ, ಆಮೇಲೆ ಪಾದ, ಉಜ್ಜಿದಷ್ಟೂ ಒಳಗೆ ಓಡುತ್ತೆ, ಉಗುರಿಗೆ ಸಿಗಲ್ಲ. ಹೇಳುತ್ತಾ ಕುರ್ಚಿಯ ಅಂಚಿಗೆ ಅಂಗೈ ಉಜ್ಜಿದಳು. ಭಾವನ ಮುಖ ಸಣ್ಣದಾಯಿತು. ‘ನನಗೆ ಹೇಳೇ ಇಲ್ವಲ್ಲೇ’ ಎಂದರು. ‘ನಿಮಗೆ ಹೇಳಿದ್ರೆ ಪುಡಿ ತಂದು ಹಚ್ತೀರ’ ಎಂದಳು. ಸರ್ಜನ್ ರಕ್ತದ ಫಲಿತಾಂಶ ನೋಡಿದರು, ಅಕ್ಕನನ್ನು ನೋಡಿದರು, ಮತ್ತೆ ಫಲಿತಾಂಶ ನೋಡಿ, ‘ಒಂದು ಸ್ಕ್ಯಾನ್ ಮಾಡಿಬಿಡೋಣ’ ಎಂದರು.

ಸ್ಕ್ಯಾನಿನಲ್ಲಿ ನಾಳಗಳು ಎಲೆಯ ನರಗಳ ಹಾಗೆ ತುದಿಯ ತನಕ ಸ್ವಚ್ಛವಾಗಿ ಕಂಡವು. ಎಲ್ಲೂ ಗಂಟಿಲ್ಲ, ಎಲ್ಲೂ ಕಿರಿದಿಲ್ಲ. ಇಷ್ಟು ಚಂದದ ನಾಳ ನೋಡಿ ತುಂಬ ದಿನ ಆಗಿತ್ತು ಎಂದರಂತೆ ಸರ್ಜನ್. ನವೆ ಹೊಸ ಸೋಪಿನಿಂದ ಇರಬಹುದು ಎಂದೂ ಹೇಳಿದರು. ಭಾವ ಸೋಪು ಬದಲಿಸಿದರು.

ನಾನು ಸಂತೋಷಪಡಬೇಕಿತ್ತು. ಪಡಲು ಕೂತೆ ಕೂಡ. ಬರಲಿಲ್ಲ. ಬಂದದ್ದು ಒಂದು ಒಣ ಲೆಕ್ಕ: ಇಷ್ಟು ಸುಮ್ಮನಿದ್ದ ನೀರು, ಇಷ್ಟು ಸ್ವಚ್ಛ ನಾಳ. ಅಂದರೆ ನಮ್ಮ ಪರೀಕ್ಷೆ ಸುಳ್ಳು. ನಾವು ಇಷ್ಟು ವರ್ಷ ಕಾದದ್ದು ನಿಜಕ್ಕೂ ಪಾತ್ರೆ ತೊಳೆದ ನೀರನ್ನೇ.

ಥಂಡಿಯಣ್ಣನಿಗೆ ಹೇಳಿದೆ. ಅವರು ಪೆಟ್ಟಿಗೆಯ ಬಾಗಿಲಿನಿಂದ ಹಿಮ ಕೆರೆಯುತ್ತಿದ್ದರು.

‘ನಮ್ಮ ಕೆಲಸ ದಂಡ ಅಣ್ಣ. ಕೊನೇ ಗುಂಡಿ ಕೊಳವೆ ಅಷ್ಟು ಕೆಟ್ಟದಾಗಿ ಬಂದಿತ್ತು. ಅಕ್ಕನ ಸ್ಕ್ಯಾನ್ ನೋಡಿದ್ರೆ ಕನ್ನಡಿ.’

ಕೆರೆಯುವುದನ್ನು ನಿಲ್ಲಿಸಿದರು. ‘ಕೊನೇ ಗುಂಡಿದು ನಿಮ್ಮಕ್ಕಂದು ಅಂತ ಯಾರು ಹೇಳಿದ್ದು?’

‘ಕೊನೇ ಗುಂಡಿ ಅಲ್ವಾ? ಕೊನೆಗೆ ಬಂದದ್ದು.’

ಅವರು ಒಂದೊಂದೇ ಕೈಗವಸು ಬಿಚ್ಚಿದರು. ಅವರ ಬರಿಗೈ ನೋಡಿದ್ದು ಅದೇ ಮೊದಲು. ಬೆಳ್ಳಗೆ, ನೀರಲ್ಲಿ ನೆನೆದ ಹಾಗೆ ಇತ್ತು. ‘ನಿಮ್ಮಕ್ಕಂದು ನಾನು ಆ ಡಬ್ಬಿಗೆ ಹಾಕೇ ಇಲ್ಲ ಮೇಡಂ. ತಟ್ಟೆಗೆ ಸಾಕಾಗುವಷ್ಟು ಇದ್ವು. ಅವರದನ್ನ ನಿಮ್ಮ ಕೈಲಿ ಯಾಕೆ ಅಳೆಸೋದು ಪಾಪ, ಮುಂದಿನ ತಟ್ಟೇಲಿ, ನೀವಿಲ್ಲದ ದಿನ ಬೇರೆ ಯಾರಾದ್ರೂ ಅಳೀಲಿ ಅಂತ ಕೆಳಗಿನ ಅರೇಲಿ ಇಟ್ಟಿದೀನಿ.’

‘ಒಂದು ಮಾತು ಹೇಳಬಾರದಿತ್ತಾ?’

‘ಯಾವುದು ಯಾರ್ದು ಅಂತ ಹೇಳಬಾರದು ಅಂತ ನಿಯಮ ಅಲ್ವಾ?’ ಎಂದರು, ನಿಜವಾಗಿ ನೊಂದುಕೊಂಡು. ‘ನಿಮಗೂ ಗೊತ್ತಿಲ್ಲ ಅಂತಾನೇ ತಿಳ್ಕೊಂಡಿದ್ದೆ.’

ಹೀಗೆ, ನನಗೆ ನೋವಾಗದಿರಲೆಂದು ಅವರು ಮುಚ್ಚಿಟ್ಟರು. ನಿಯಮ ಮುರಿಯಬಾರದೆಂದು ನಾನು ಕೇಳಲಿಲ್ಲ. ಇಬ್ಬರು ಒಳ್ಳೆಯವರು ಸೇರಿದರೆ ಎಂಥ ಅನಾಹುತವಾಗುತ್ತದೆ ಎಂಬುದಕ್ಕೆ ಇದನ್ನು ಪಠ್ಯಪುಸ್ತಕದಲ್ಲಿ ಹಾಕಬಹುದು.

‘ಅಕ್ಕಂದು ಹೊರಗೆ ತೆಗೀಲಾ?’ ಎಂದರು.

‘ಬೇಡ. ಅದರ ಸರದಿ ಬಂದಾಗ ಬರಲಿ. ನನಗೆ ಹೇಳಬೇಡಿ.’ ಬಾಗಿಲ ತನಕ ಹೋಗಿ ತಿರುಗಿ ಕೇಳಿದೆ: ‘ಹಾಗಾದ್ರೆ ಕೊನೇ ಗುಂಡಿದು ಅವಳಿಗಿಂತ ಹಿಂದಿನದು.’

‘ಅದನ್ನ ನಾನು ಹೇಳೋ ಹಾಗಿಲ್ಲ’ ಎಂದು ಅವರು ಮತ್ತೆ ಕೈಗವಸು ಹಾಕಿಕೊಂಡರು.

ಹೇಳಬೇಕಾದ ಅಗತ್ಯವೂ ಇರಲಿಲ್ಲ. ಪರೀಕ್ಷೆ ಸುಳ್ಳಲ್ಲದೆ ಇರಬಹುದು. ಹುಳು ನಿಜವನ್ನೇ ಹೇಳಿತ್ತು, ನಾನು ಇನ್ನೊಬ್ಬರ ಮನೆಯ ಸುದ್ದಿಯನ್ನು ನಮ್ಮ ಮನೆಗೆ ತಂದುಕೊಂಡು ಇಷ್ಟು ದಿನ ಕಾವಲು ಕೂತಿದ್ದೆ.

ಅಕ್ಕನ ಮುಂದಿನ ತಪಾಸಣೆಯ ದಿನ ಭಾವನಿಗೆ ಬಿಡುವಿರಲಿಲ್ಲ. ಟ್ಯಾಕ್ಸಿಯಲ್ಲಿ ನಾವಿಬ್ಬರೇ ಹೋದೆವು. ದಾರಿಯುದ್ದಕ್ಕೂ ಅಕ್ಕನ ಬಲಗಾಲು ಚಾಲಕನ ಪರವಾಗಿ ಬ್ರೇಕ್ ಒತ್ತುತ್ತಿತ್ತು. ಕೊನೆಯ ಗುಂಡಿಯದು ಅವಳದಲ್ಲ ಎಂದು ಅಲ್ಲೇ ಹೇಳಿದೆ. ಕಾಲು ನಿಂತಿತು.

‘ಹಾಗಾದ್ರೆ ನಾನು ಡಾಕ್ಟರ್ ಹತ್ರ ಹೇಳಿದ ನವೆ ಯಾರ್ದು?’

‘ಅದನ್ನ ಹೇಳಬಾರದು ಅಕ್ಕ.’

‘ಹೇಳಬೇಡ. ನನಗಿಂತ ಹಿಂದಿನದು ಅಲ್ವಾ?’

ನಾನು ಕಿಟಕಿಯ ಹೊರಗೆ ನೋಡಿದೆ.

‘ಒಂದು ವಾರ ಸೀನಿಯರ್ರು’ ಎಂದಳು. ಅವಳ ಕಾಲು ಮತ್ತೆ ಬ್ರೇಕ್ ಒತ್ತತೊಡಗಿತು.

ಕಾಯುವ ಹಾಲಿನಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡು ಕೂತಿದ್ದರು. ಹೊಸ ಲಿವರಿನವರನ್ನು ಗುರುತಿಸುವುದು ಸುಲಭ. ಪಕ್ಕದವರು ಕೆಮ್ಮಿದರೆ ಎದ್ದು ಜಾಗ ಬದಲಿಸುತ್ತಾರೆ. ತುತ್ತೂರಿ ಮಾಮ ಮೂಲೆಯಲ್ಲಿದ್ದರು. ಕೆನ್ನೆ ತುಂಬಿತ್ತು, ಬೂಟಿಗೆ ಹೊಳಪಿತ್ತು. ಅಕ್ಕನನ್ನು ಕಂಡು, ‘ಬಾ ಜೂನಿಯರ್’ ಎಂದರು. ಮತ್ತೆ ಬ್ಯಾಂಡಿಗೆ ಸೇರಲು ಡಾಕ್ಟರ ಒಪ್ಪಿಗೆ ಕೇಳಲು ಬಂದಿದ್ದರಂತೆ. ರಕ್ತ ಸರಿಯಿದೆ, ಹಸಿವು ಸರಿಯಿದೆ, ಇನ್ನೇನು ಎಂದರು.

ಅಕ್ಕ ಅವರ ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ಕಂಬಕ್ಕೆ ಒರಗಿ ನಿಂತೆ.

‘ಮಾಮ, ನವೆ ಇದೆಯಾ?’

‘ನವೆನಾ? ಇಲ್ಲಮ್ಮ. ಚರ್ಮ ಮಗುವಿನ ಹಾಗಿದೆ ನೋಡು.’

‘ಇದೆ ಅನ್ನಿ.’

‘ಇಲ್ವಲ್ಲ.’

‘ಇಲ್ಲ ಅಂತ ನನಗೂ ಗೊತ್ತು. ಒಳಗೆ ಹೋಗಿ ಇದೆ ಅನ್ನಿ.’

ಮಾಮ ಅಕ್ಕನ ಮುಖ ನೋಡಿದರು. ಜೋಕು ಎಲ್ಲಿದೆ ಎಂದು ಹುಡುಕುವವರಂತೆ ಒಂದು ಗಳಿಗೆ ನೋಡಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದರು: ತೊಳೆದ ನೀರು ಕಾಯುವವಳನ್ನು. ನಾನು ತಲೆ ಅಲ್ಲಾಡಿಸಬಹುದಿತ್ತು. ಅಕ್ಕನಿಗೆ ತಲೆ ಕೆಟ್ಟಿದೆ ಎಂಬಂತೆ ನಗಬಹುದಿತ್ತು. ನೂರು ಜನರ ದಾರಿ ಎಂದು ದೊಡ್ಡವರು ಹೇಳಿದ್ದು ನೆನಪಿಗೆ ಬಂತು. ಅವರು ಹೇಳಿದ್ದು ಈಗಲೂ ಸರಿಯಾಗಿಯೇ ಇತ್ತು. ಗೋಡೆಯ ಮೇಲೆ ಟೋಕನ್ ಸಂಖ್ಯೆ ತೋರಿಸುವ ಹಲಗೆಯಿತ್ತು. ನಾನು ಅದನ್ನು ನೋಡುತ್ತ ನಿಂತೆ.

ಮಾಮ ಮಾಸ್ಕನ್ನು ಮೂಗಿನ ಮೇಲೆ ಸರಿಮಾಡಿಕೊಂಡರು. ದನಿ ತಗ್ಗಿತ್ತು. ‘ಎಲ್ಲಿ ಅನ್ನಲಿ?’

‘ಅಂಗೈ, ಅಂಗಾಲು. ಮಲಗಿದ ಮೇಲೆ ಜಾಸ್ತಿ ಅನ್ನಿ. ಉಗುರಿಗೆ ಸಿಗಲ್ಲ ಅನ್ನಿ.’

‘ಅಂಗೈ ನವೆ ಆದ್ರೆ ದುಡ್ಡು ಬರುತ್ತೆ ಅಂತಾರಲ್ಲಮ್ಮ.’

‘ಅದು ಒಂದೇ ಕೈಯಾದ್ರೆ. ನೀವು ಎರಡೂ ಅನ್ನಿ.’

‘ಸ್ಕ್ಯಾನ್ ಅಂದ್ರೆ?’

‘ಮಾಡಿಸಿಕೊಳ್ಳಿ. ಕೊಳವೆಯೊಳಗೆ ಮಲಗಿಸ್ತಾರೆ, ಉಸಿರು ಹಿಡಿದುಕೊಳ್ಳಿ ಅಂತಾರೆ. ನಿಮಗೆ ಅದೇನು ಮಹಾ.’

ಹಲಗೆಯ ಮೇಲೆ ಅವರ ಸಂಖ್ಯೆ ಬಂತು. ಎದ್ದರು. ಕೋಟಿನ ಗುಂಡಿ ಹಾಕಿಕೊಂಡು ಡಾಕ್ಟರ ಬಾಗಿಲ ತನಕ ನೆಟ್ಟಗೆ ನಡೆದು ಹೋದರು. ಬಾಗಿಲಿಗೆ ಕೈಹಾಕುವ ಮುಂಚೆ ಒಮ್ಮೆ ನಿಂತು, ನುಡಿಸುವ ಮೊದಲು ವಾದ್ಯದ ಶ್ರುತಿ ನೋಡುವವರ ಹಾಗೆ, ಎಡದ ಅಂಗೈಯನ್ನು ಬಲಗೈ ಉಗುರಿನಿಂದ ಮೆಲ್ಲಗೆ ಕೆರೆದುಕೊಂಡರು.

‘ಇನ್ನೂ ಸ್ವಲ್ಪ ಜೋರಾಗಿ ಮಾಮ’ ಎಂದಳು ಅಕ್ಕ.